ನಾಲಿಗೆಯ ಹನಿಯಿಂದ ನರದವರೆಗೆ: ರುಚಿ ಮೊಗ್ಗಿನ ಪ್ರಯೋಗವನ್ನು ಮಾಡಿ ವಿವರಿಸುವ ಕ್ರಮ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ವಿಜ್ಞಾನ ಮೇಳದ ಕಾಲ ಬಂದಾಗ ರುಚಿಯ ಕುರಿತಾದ ಯೋಜನೆಯನ್ನು ಆರಿಸಿಕೊಳ್ಳುವವರು ಕಡಿಮೆಯಿಲ್ಲ. ಸಾಮಗ್ರಿ ಅಡುಗೆಮನೆಯಲ್ಲೇ ಸಿಗುತ್ತದೆ, ದೊಡ್ಡ ಖರ್ಚೂ ಇಲ್ಲ. ಆದರೆ ಕೆಲಸ ಹೆಚ್ಚಾಗಿ ಒಂದೇ ಕಡೆ ಕೆಡುತ್ತದೆ. ತುದಿಯಲ್ಲಿ ಸಿಹಿ, ಬದಿಗಳಲ್ಲಿ ಹುಳಿ, ಹಿಂದೆ ಕಹಿ ಎಂದು ನಾಲಿಗೆಯನ್ನು ಪಾಲು ಮಾಡಿದ ಚಿತ್ರವನ್ನು ಮೊದಲೇ ಬರೆದಿಟ್ಟು, ಆಮೇಲೆ ಪ್ರಯೋಗ ಮಾಡಿ, ಬಂದ ಉತ್ತರ ಚಿತ್ರಕ್ಕೆ ಹೊಂದದಿದ್ದಾಗ ಉತ್ತರವನ್ನೇ ತಿದ್ದುತ್ತಾರೆ. ಪ್ರಯೋಗವನ್ನು ಪ್ರಾಮಾಣಿಕವಾಗಿ ಮಾಡಿದವರೂ, ‘ಹನಿ ಬಿದ್ದ ಮೇಲೆ ಕೋಶದೊಳಗೆ ಏನಾಗುತ್ತದೆ’ ಎಂಬ ತೀರ್ಪುಗಾರರ ಮೊದಲ ಪ್ರಶ್ನೆಗೆ ‘ಮೆದುಳಿಗೆ ಸಂದೇಶ ಹೋಗುತ್ತದೆ’ ಎಂದಷ್ಟೇ ಹೇಳಿ ನಿಲ್ಲುತ್ತಾರೆ.

ಈ ಮಾರ್ಗದರ್ಶಿಯನ್ನು ಪ್ರೌಢಶಾಲೆ ಮತ್ತು ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳನ್ನೂ ಅವರಿಗೆ ದಾರಿ ತೋರುವ ಅಧ್ಯಾಪಕರನ್ನೂ ಮನಸ್ಸಿನಲ್ಲಿಟ್ಟು ಬರೆಯಲಾಗಿದೆ. ಹಂತಗಳ ಕ್ರಮವನ್ನು ಬದಲಿಸಬಾರದು. ಪ್ರಯೋಗ ಮೊದಲು, ಕೋಶದೊಳಗೆ ನಡೆಯುವುದನ್ನು ಬಾಣಗಳಿಂದ ತೋರಿಸುವ ಪಟ ಆಮೇಲೆ. ಪಟದಲ್ಲಿ ಎಳೆಯುವ ಪ್ರತಿಯೊಂದು ಬಾಣಕ್ಕೂ ‘ಇದು ಹೀಗೆಂದು ಹೇಗೆ ಗೊತ್ತು’ ಎಂಬುದಕ್ಕೆ ಉತ್ತರ ಇರಬೇಕು.

ಮೊದಲೇ ಸಿದ್ಧವಾಗಿರಬೇಕಾದ ಸಾಮಗ್ರಿ

ಸಕ್ಕರೆ, ಪುಡಿ ಉಪ್ಪು, ಲಿಂಬೆಹಣ್ಣು, ಹಾಗಲಕಾಯಿ ಮತ್ತು ಅಜಿನೊಮೊಟೊ ಎಂದು ಅಂಗಡಿಯಲ್ಲಿ ಸಿಗುವ ಮೋನೋಸೋಡಿಯಂ ಗ್ಲುಟಮೇಟ್ ಬೇಕು. ಗ್ರಾಂ ಲೆಕ್ಕದಲ್ಲಿ ತೂಗುವ ತಕ್ಕಡಿ, 200 ಮಿಲಿಲೀಟರಿನ ಅಳತೆ ಪಾತ್ರೆ, ಹತ್ತಿ ಸುತ್ತಿದ ಕಡ್ಡಿಗಳು, ಒಂದೇ ಬಣ್ಣದ ಕಾಗದದ ಲೋಟಗಳು, ಕಣ್ಣಿಗೆ ಕಟ್ಟಲು ಬಟ್ಟೆ, ಥರ್ಮಾಮೀಟರ್, ಉಗುಳಲು ಬಕೆಟು, ಕೇಕಿಗೆ ಹಾಕುವ ನೀಲಿ ಬಣ್ಣ ಮತ್ತು ಹತ್ತಿರದಿಂದ ಚಿತ್ರ ತೆಗೆಯಬಲ್ಲ ಮೊಬೈಲ್ ಇದ್ದರೆ ಸಾಕು.

ನೀರಿನ ವಿಷಯದಲ್ಲಿ ನಮ್ಮ ಊರಿನವರು ವಿಶೇಷ ಎಚ್ಚರ ವಹಿಸಬೇಕು. ಕಡಲ ಬದಿಯ ಬಾವಿಗಳಲ್ಲಿ ಬೇಸಿಗೆ ಏರಿದಂತೆ ಉಪ್ಪಿನಂಶ ಹೆಚ್ಚುತ್ತದೆ, ಮುರಕಲ್ಲಿನ ನೆಲದ ಬಾವಿನೀರು ಎಷ್ಟೋ ಕಡೆ ಸ್ವಲ್ಪ ಆಮ್ಲೀಯವಾಗಿರುತ್ತದೆ. ಉಪ್ಪು ಮತ್ತು ಹುಳಿಯನ್ನೇ ಪರೀಕ್ಷಿಸುವಾಗ ಇಂತಹ ನೀರು ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ಆದ್ದರಿಂದ ಎಲ್ಲ ದ್ರಾವಣಗಳಿಗೂ ಬಾಯಿ ಮುಕ್ಕಳಿಸುವುದಕ್ಕೂ ಒಂದೇ ಮೂಲದ ಕುಡಿಯುವ ನೀರನ್ನು, ಸಾಧ್ಯವಾದರೆ ಬಾಟಲಿ ನೀರನ್ನು ಬಳಸಬೇಕು.

ಹಂತ 1: ಯಾವುದು ರುಚಿ ಮೊಗ್ಗಿನ ಕೆಲಸ, ಯಾವುದು ಅಲ್ಲ ಎಂದು ಬೇರ್ಪಡಿಸಿ

ಸಸ್ತನಿಗಳ ರುಚಿ ಮೊಗ್ಗಿನ ಕೋಶಗಳು ಗುರುತಿಸುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ (ಅಜಿನೊಮೊಟೊ ಕೊಡುವಂತಹ ರುಚಿ) ಎಂಬ ಐದನ್ನು. ನಮ್ಮ ಷಡ್ರಸಗಳ ಪಟ್ಟಿಯಲ್ಲಿರುವ ಖಾರ ಮತ್ತು ಚೊಗರು ಈ ಐದರಲ್ಲಿ ಸೇರುವುದಿಲ್ಲ. ಷಡ್ರಸವನ್ನು ಹಾಗೆಯೇ ತಂದು ಆರು ಬಗೆಯ ಕೋಶಗಳೆಂದು ಪಟದಲ್ಲಿ ಬರೆಯುವುದು ತುಂಬಾ ಸಾಮಾನ್ಯವಾದ ತಪ್ಪು.

ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ನೋವು ಮತ್ತು ಬಿಸಿಯನ್ನು ಅರಿಯುವ ನರತಂತುಗಳಲ್ಲಿರುವ ಟಿಆರ್‌ಪಿವಿ1 ಎಂಬ ಅಯಾನು ಮಾರ್ಗವನ್ನು (ಕೋಶದ ಪೊರೆಯಲ್ಲಿ ಅಯಾನುಗಳು ದಾಟುವ ಬಾಗಿಲನ್ನು) ತೆರೆಯುತ್ತದೆ. ಆ ತಂತುಗಳು ಐದನೆಯ ಕಪಾಲ ನರವಾದ ಟ್ರೈಜೆಮಿನಲ್ ನರಕ್ಕೆ ಸೇರಿದವು. ಮೆಣಸು ಕೊಯ್ದ ಕೈಯಿಂದ ಕಣ್ಣು ಉಜ್ಜಿದರೆ ಉರಿಯುವುದು ಇದೇ ಕಾರಣಕ್ಕೆ, ಏಕೆಂದರೆ ಕಣ್ಣಿನಲ್ಲಿ ರುಚಿ ಮೊಗ್ಗುಗಳಿಲ್ಲ. ಗೇರುಹಣ್ಣು ಅಥವಾ ಎಳೆ ಅಡಿಕೆ ತಿಂದಾಗಿನ ಚೊಗರು ಮುಖ್ಯವಾಗಿ ಟ್ಯಾನಿನ್‌ಗಳು ಎಂಜಲಿನ ಪ್ರೋಟೀನುಗಳೊಂದಿಗೆ ಕೂಡಿಕೊಂಡು ಬಾಯಿಯ ನುಣುಪನ್ನು ಕಳೆಯುವುದರಿಂದ ಬರುವ ಅನುಭವ. ಇವೆರಡನ್ನೂ ಪಟದ ಒಂದು ಮೂಲೆಯಲ್ಲಿ ‘ರುಚಿ ಮೊಗ್ಗಿನ ಹೊರಗಿನವು’ ಎಂದು ಬರೆದು ಬದಿಗಿಡಿ.

ವಾಸನೆಯನ್ನೂ ಇದೇ ಹಂತದಲ್ಲಿ ಹೊರಗಿಡಬೇಕು. ಪುನರ್ಪುಳಿ, ಕಾಫಿ, ಮೆಂತೆ ಇವನ್ನೆಲ್ಲ ಮೂಗು ಮೊದಲೇ ಹೇಳಿಬಿಡುತ್ತದೆ. ಆದುದರಿಂದ ಪ್ರತಿಯೊಂದು ಪರೀಕ್ಷೆಯನ್ನೂ ಮೂಗು ಹಿಡಿದುಕೊಂಡೇ ಮಾಡಿಸಬೇಕು.

ಹಂತ 2: ದ್ರಾವಣಗಳನ್ನು ಅಳತೆಯಿಂದ ಮಾಡಿ

‘ಒಂದಿಷ್ಟು ಸಕ್ಕರೆ, ಚಿಟಿಕೆ ಉಪ್ಪು’ ಎಂಬ ಅಳತೆ ಅಡುಗೆಗೆ ಸಾಕು, ಪ್ರಯೋಗಕ್ಕೆ ಸಾಲದು. ಸಿಹಿಗೆ 200 ಮಿಲಿ ನೀರಿಗೆ 10 ಗ್ರಾಂ ಸಕ್ಕರೆ ಹಾಕಿದರೆ ಶೇ. 5ರ ದ್ರಾವಣವಾಗುತ್ತದೆ. ಉಪ್ಪಿಗೆ ಅಷ್ಟೇ ನೀರಿಗೆ 2 ಗ್ರಾಂ ಸಾಕು, ಅದು ಶೇ. 1. ಹುಳಿಗೆ 10 ಮಿಲಿ ಲಿಂಬೆರಸವನ್ನು ತೆಳು ಬಟ್ಟೆಯಲ್ಲಿ ಸೋಸಿ 200 ಮಿಲಿ ಆಗುವಷ್ಟು ನೀರು ಸೇರಿಸಿ. ಕಹಿಗೆ 50 ಗ್ರಾಂ ಹಾಗಲಕಾಯಿಯನ್ನು ತುರಿದು 200 ಮಿಲಿ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಸೋಸಿ, ಪೂರ್ತಿ ಆರಿಸಿ. ಉಮಾಮಿಗೆ 200 ಮಿಲಿ ನೀರಿಗೆ 1 ಗ್ರಾಂ ಅಜಿನೊಮೊಟೊ.

ಉಮಾಮಿ ದ್ರಾವಣದಲ್ಲಿ ಒಂದು ತೊಡಕಿದೆ. ಅಜಿನೊಮೊಟೊದಲ್ಲಿ ಸೋಡಿಯಂ ಇರುವುದರಿಂದ ಪರೀಕ್ಷಾರ್ಥಿ ‘ಉಪ್ಪು’ ಎಂದರೆ ಅದು ಪೂರ್ತಿ ತಪ್ಪು ಉತ್ತರವಲ್ಲ. 1 ಗ್ರಾಂ ಅಜಿನೊಮೊಟೊದಲ್ಲಿರುವಷ್ಟೇ ಸೋಡಿಯಂ ಸುಮಾರು 0.3 ಗ್ರಾಂ ಅಡುಗೆ ಉಪ್ಪಿನಲ್ಲಿ ಇರುತ್ತದೆ. ಮನೆಯ ತಕ್ಕಡಿಯಲ್ಲಿ 0.3 ಗ್ರಾಂ ತೂಗುವುದು ಆಗದ ಕೆಲಸವಾದ್ದರಿಂದ, ಮೊದಲು ಮಾಡಿದ ಶೇ. 1ರ ಉಪ್ಪುನೀರಿನಿಂದ 30 ಮಿಲಿ ತೆಗೆದು 200 ಮಿಲಿ ಆಗುವವರೆಗೆ ನೀರು ಸೇರಿಸಿ. ಈ ಲೋಟವನ್ನು ಉಮಾಮಿ ಲೋಟದ ಪಕ್ಕದಲ್ಲಿಟ್ಟು ಎರಡರ ವ್ಯತ್ಯಾಸವನ್ನು ಕೇಳಿದರೆ ಉತ್ತರಕ್ಕೆ ಬೆಲೆ ಬರುತ್ತದೆ. ಮೇಳಗಳಲ್ಲಿ ಈ ಹೋಲಿಕೆ ಲೋಟವನ್ನು ಇಡುವವರು ವಿರಳ, ಇಟ್ಟವರ ಯೋಜನೆ ಎದ್ದು ಕಾಣುತ್ತದೆ.

ಕೊನೆಯದಾಗಿ ಬರೀ ನೀರಿನ ಒಂದು ಲೋಟ ಇರಲೇಬೇಕು. ಬರೀ ನೀರಿಗೂ ‘ಸಿಹಿ’, ‘ಕಹಿ’ ಎನ್ನುವವರು ಇದ್ದೇ ಇರುತ್ತಾರೆ, ಮತ್ತು ಅವರ ಸಂಖ್ಯೆಯೇ ನಿಮ್ಮ ಪ್ರಯೋಗದ ನಂಬಿಕೆಯ ಮಟ್ಟವನ್ನು ಹೇಳುತ್ತದೆ.

ಬಳಸಬಾರದವುಗಳು: ಕಾಸರಕದ ಮರ ನಮ್ಮ ಗುಡ್ಡಗಳಲ್ಲಿ ಸಿಗುತ್ತದೆ, ಅದರ ಬೀಜದಲ್ಲಿರುವ ಸ್ಟ್ರಿಕ್ನೀನ್ ಅತಿ ಕಹಿಯಾದದ್ದು ಮಾತ್ರವಲ್ಲದೆ ಪ್ರಾಣ ತೆಗೆಯುವ ವಿಷ. ಕಹಿಗೆಂದು ಕಾಸರಕದ ಯಾವ ಭಾಗವನ್ನೂ, ಗುರುತು ಗೊತ್ತಿಲ್ಲದ ಯಾವ ಕಾಡುಸೊಪ್ಪನ್ನೂ, ಮಾತ್ರೆಗಳನ್ನೂ ಬಳಸಬಾರದು. ಹುಳಿಗೆ ಬಿಂಬುಳಿಯ ಗಟ್ಟಿ ರಸವೂ ಬೇಡ. ಅದರಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚಿದ್ದು, ಅದನ್ನು ಕುಡಿದು ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳು ಕೇರಳದಲ್ಲೇ ವರದಿಯಾಗಿವೆ.

ಹಂತ 3: ನಾಲಿಗೆಯ ಮೇಲ್ಮೈಯನ್ನು ನೋಡಿ ಗುರುತಿಸಿ

ಹತ್ತಿಕಡ್ಡಿಯನ್ನು ನೀಲಿ ಬಣ್ಣದಲ್ಲಿ ಅದ್ದಿ ನಾಲಿಗೆಯ ಮುಂಭಾಗಕ್ಕೆ ತೆಳುವಾಗಿ ಸವರಿ, ಒಮ್ಮೆ ನೀರು ಮುಕ್ಕಳಿಸಿ, ಬೆಳಕಿನಲ್ಲಿ ಚಿತ್ರ ತೆಗೆಯಿರಿ. ಹಿನ್ನೆಲೆ ನೀಲಿಯಾಗಿ, ಅದರ ನಡುವೆ ಗುಲಾಬಿ ಬಣ್ಣದ ದುಂಡು ಚುಕ್ಕಿಗಳು ಕಾಣುತ್ತವೆ. ನೀಲಿ ಹಿಡಿದದ್ದು ಎಳೆಯಾಕಾರದ ಪ್ಯಾಪಿಲ್ಲೆಗಳು (ನಾಲಿಗೆಯ ಮೇಲಿನ ಸಣ್ಣ ಉಬ್ಬುಗಳು), ಅವುಗಳಲ್ಲಿ ರುಚಿ ಮೊಗ್ಗುಗಳಿಲ್ಲ. ಗುಲಾಬಿಯಾಗಿ ಉಳಿದದ್ದು ಅಣಬೆಯಾಕಾರದ ಪ್ಯಾಪಿಲ್ಲೆಗಳು, ಮುಂಭಾಗದ ರುಚಿ ಮೊಗ್ಗುಗಳಿರುವುದು ಇವುಗಳ ಮೇಲ್ಮುಖದಲ್ಲಿ.

ಇಲ್ಲಿ ಆಗುವ ತಪ್ಪು ಎಷ್ಟು ಸಾಮಾನ್ಯವೆಂದರೆ ಅನೇಕ ಚಾರ್ಟುಗಳಲ್ಲೂ ಅದು ಅಚ್ಚಾಗಿದೆ. ಕಣ್ಣಿಗೆ ಕಾಣುವ ಆ ಉಬ್ಬು ರುಚಿ ಮೊಗ್ಗಲ್ಲ. ರುಚಿ ಮೊಗ್ಗು ಅದರೊಳಗೆ ಹುದುಗಿರುವ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ರಚನೆ. ಒಂದು ಮೊಗ್ಗಿನಲ್ಲಿ 50ರಿಂದ 100 ಕೋಶಗಳು ಬೆಳ್ಳುಳ್ಳಿ ಗಡ್ಡೆಯ ಎಸಳುಗಳಂತೆ ಒತ್ತಾಗಿ ನಿಂತು, ಮೇಲ್ತುದಿಯಲ್ಲಿ ರುಚಿರಂಧ್ರ ಎಂಬ ಕಿರಿಯ ಬಾಯಿಗೆ ಮುಖಮಾಡಿರುತ್ತವೆ. ಎಂಜಲಿನಲ್ಲಿ ಕರಗಿದ ವಸ್ತು ಈ ರಂಧ್ರದ ಮೂಲಕವೇ ಕೋಶಗಳ ತುದಿಯನ್ನು ತಲುಪಬೇಕು. ಒಣ ನಾಲಿಗೆಯ ಮೇಲೆ ಒಣ ಸಕ್ಕರೆ ಇಟ್ಟರೆ ರುಚಿ ತಡವಾಗುವುದರ ಕಾರಣ ಇದು. ಬೇಕಾದರೆ ನಾಲಿಗೆಯನ್ನು ಕಾಗದದಿಂದ ಒರಸಿ ಪರೀಕ್ಷಿಸಬಹುದು.

ಹಿಂಭಾಗದಲ್ಲಿ ಎಂಟರಿಂದ ಹನ್ನೆರಡು ದೊಡ್ಡ ಪ್ಯಾಪಿಲ್ಲೆಗಳು ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಸಾಲಾಗಿವೆ. ಪ್ರತಿಯೊಂದರ ಸುತ್ತ ಕಂದಕವಿದ್ದು, ಅದರ ಗೋಡೆಯಲ್ಲಿ ನೂರಾರು ರುಚಿ ಮೊಗ್ಗುಗಳಿರುತ್ತವೆ. ಬದಿಗಳ ಹಿಂಭಾಗದಲ್ಲಿ ಮಡಿಕೆಯಂತಹ ಪ್ಯಾಪಿಲ್ಲೆಗಳಿವೆ. ಇವನ್ನು ನೋಡಲು ನಾಲಿಗೆಯನ್ನು ಎಳೆಯುವುದು, ಕಡ್ಡಿಯನ್ನು ಗಂಟಲಿಗೆ ತಳ್ಳುವುದು ಬೇಡ, ವಾಂತಿ ಬಂದರೆ ಆ ದಿನದ ಪ್ರಯೋಗ ಮುಗಿದಂತೆ.

ಹಂತ 4: ಹನಿ ಇಡುವುದು ಮತ್ತು ದಾಖಲಿಸುವುದು

ಪರೀಕ್ಷಾರ್ಥಿಗಳು ಒಂದು ಗಂಟೆ ಮೊದಲಿನಿಂದ ಏನನ್ನೂ ತಿಂದಿರಬಾರದು. ವೀಳ್ಯ, ಅಡಿಕೆ, ಸುಣ್ಣ, ಪುದೀನ ಮಿಠಾಯಿ ಇವಂತೂ ಸಲ್ಲದು. ನೆಲ್ಲಿಕಾಯಿ ತಿಂದ ಮೇಲೆ ನೀರೂ ಸಿಹಿಯಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗೆ ತಿಂದು ಬಂದವರಿಂದ ಬರೀ ನೀರಿನ ಲೋಟಕ್ಕೂ ತಪ್ಪು ಉತ್ತರ ಬರುತ್ತದೆ.

ಕಣ್ಣು ಕಟ್ಟಿ, ಮೂಗು ಹಿಡಿಸಿ, ಹತ್ತಿಕಡ್ಡಿಯಿಂದ ತುದಿ, ಎಡಬದಿ, ಬಲಬದಿ, ನಡುಭಾಗಗಳನ್ನು ಒಂದೊಂದಾಗಿ ಮುಟ್ಟಿಸಿ. ಯಾವ ದ್ರಾವಣ ಯಾವಾಗ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಕಹಿಯನ್ನು ಮಾತ್ರ ಕೊನೆಗೆ ಇಡಿ, ಏಕೆಂದರೆ ಅದರ ಶೇಷ ಬಹಳ ಹೊತ್ತು ನಿಲ್ಲುತ್ತದೆ. ಪ್ರತಿ ಸಲವೂ ಮುಕ್ಕಳಿಸಿ ಒಂದು ನಿಮಿಷ ಬಿಡಿ.

ಇಡೀ ಪ್ರಯೋಗದ ಜೀವಾಳ ಒಂದು ಸಣ್ಣ ನಿಯಮದಲ್ಲಿದೆ: ನಾಲಿಗೆಯನ್ನು ಒಳಗೆಳೆಯುವ ಮೊದಲೇ ಉತ್ತರ ಬರಬೇಕು. ಬಾಯಿ ಮುಚ್ಚಿದ ಕ್ಷಣವೇ ಹನಿ ಎಲ್ಲೆಡೆ ಹರಡಿ, ಮುಟ್ಟಿಸಿದ ಜಾಗಕ್ಕೆ ಅರ್ಥವೇ ಇಲ್ಲದಾಗುತ್ತದೆ. ಮಾತಾಡಲಾಗದ್ದರಿಂದ ಬೆರಳಿನ ಸಂಕೇತವನ್ನು ಮೊದಲೇ ಕಲಿಸಿಕೊಡಿ: ಒಂದು ಬೆರಳು ಸಿಹಿ, ಎರಡು ಉಪ್ಪು, ಹೀಗೆ. ರುಚಿಯ ಹೆಸರಿನ ಜೊತೆಗೆ ತೀವ್ರತೆಯನ್ನು 0ರಿಂದ 5ರವರೆಗೆ ಬರೆದುಕೊಳ್ಳಿ. ಒಮ್ಮೆ ಬಾಯಿಗೆ ಹೋದ ಕಡ್ಡಿ ಮತ್ತೆ ಲೋಟಕ್ಕೆ ಇಳಿಯಬಾರದು.

ಸರಿಯಾಗಿ ಮಾಡಿದರೆ ತುದಿಯಲ್ಲೂ ಬದಿಯಲ್ಲೂ ಎಲ್ಲ ರುಚಿಗಳೂ ಗೊತ್ತಾಗುತ್ತವೆ. ಜಾಗದಿಂದ ಜಾಗಕ್ಕೆ ತೀವ್ರತೆಯಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ, ನಡುಭಾಗದಲ್ಲಿ ಎಲ್ಲವೂ ಮಂಕಾಗುತ್ತವೆ. ಹಂತ 3ರ ಚಿತ್ರವನ್ನು ಪಕ್ಕದಲ್ಲಿಟ್ಟರೆ ಕಾರಣ ತಾನಾಗಿಯೇ ಸಿಗುತ್ತದೆ: ಗುಲಾಬಿ ಚುಕ್ಕಿ ವಿರಳವಾದಲ್ಲಿ ರುಚಿಯೂ ವಿರಳ. ನಾಲಿಗೆಯನ್ನು ಪಾಲು ಮಾಡಿದ ಹಳೆಯ ಚಿತ್ರವನ್ನು ಮುರಿಯಲು ನಿಮ್ಮದೇ ದಾಖಲೆ ಸಾಕು.

ಎಷ್ಟು ತೆಳುವಾದ ದ್ರಾವಣದವರೆಗೆ ರುಚಿ ತಿಳಿಯುತ್ತದೆ ಎಂದು ನೋಡುವುದಾದರೆ ಕಡ್ಡಿ ಬೇಡ, ಗುಟುಕು ಬಾಯಿಗೆ ಹಾಕಿ ಉಗುಳಿಸಬೇಕು. ಸಕ್ಕರೆ ದ್ರಾವಣವನ್ನು ಪ್ರತಿ ಸಲ ಅರ್ಧಕ್ಕರ್ಧ ತೆಳುಮಾಡುತ್ತಾ ಹೋದರೆ, ಹೆಚ್ಚಿನವರಿಗೆ ಶೇ. 0.3ರ ಆಸುಪಾಸಿನಲ್ಲಿ ನೀರಿಗೂ ಅದಕ್ಕೂ ವ್ಯತ್ಯಾಸ ತಿಳಿಯದಾಗುತ್ತದೆ. ಮೂರು ಲೋಟ ಇಟ್ಟು, ಎರಡರಲ್ಲಿ ನೀರು, ಒಂದರಲ್ಲಿ ದ್ರಾವಣ ಹಾಕಿ ‘ಬೇರೆಯದು ಯಾವುದು’ ಎಂದು ಕೇಳಿ. ಊಹಿಸಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಸತತ ಮೂರು ಸಲ ಊಹೆಯಿಂದ ಸರಿಯಾಗುವ ಸಾಧ್ಯತೆ ಇಪ್ಪತ್ತೇಳರಲ್ಲಿ ಒಂದು. ಆದ್ದರಿಂದ ಮೂರು ಸಲ ಸರಿ ಹೇಳಿದವರನ್ನು ಮಾತ್ರ ‘ತಿಳಿಯಿತು’ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಂತ 5: ಸಿಹಿ, ಕಹಿ, ಉಮಾಮಿಯ ಸರಪಳಿಯನ್ನು ಎಳೆಯಿರಿ

ಈಗ ಪಟಕ್ಕೆ ಬನ್ನಿ. ಇದು ಮಾರ್ಗದರ್ಶಿಯ ಕಠಿಣ ಭಾಗ, ಅವಸರ ಮಾಡಬಾರದು. ರುಚಿ ಮೊಗ್ಗಿನಲ್ಲಿ ಮೂರು ಬಗೆಯ ಪ್ರೌಢ ಕೋಶಗಳನ್ನು ಬಿಡಿಸಿ. ಮೊದಲ ಬಗೆಯವು ಉಳಿದ ಕೋಶಗಳನ್ನು ಸುತ್ತುವರಿದು ಆಸರೆಯಾಗುತ್ತವೆ ಮತ್ತು ಸಂಕೇತಕ್ಕೆ ಬಳಕೆಯಾದ ಎಟಿಪಿ ಎಂಬ ಅಣುವನ್ನು ಒಡೆದು ತೆರವು ಮಾಡುತ್ತವೆ. ಎರಡನೆಯ ಬಗೆಯವು ಸಿಹಿ, ಕಹಿ ಅಥವಾ ಉಮಾಮಿಯನ್ನು ಹಿಡಿಯುತ್ತವೆ. ಮೂರನೆಯವು ಹುಳಿಯನ್ನು ಹಿಡಿಯುತ್ತವೆ. ತಳದಲ್ಲಿ ಇವುಗಳಿಗೆ ಮೂಲವಾಗುವ ಎಳೆಯ ಕೋಶಗಳೂ ಇವೆ. ರುಚಿ ಕೋಶಗಳು ಸರಾಸರಿ ಹತ್ತು ದಿನಗಳ ಆಸುಪಾಸಿನಲ್ಲಿ ಸತ್ತು ಹೊಸದಾಗುತ್ತಿರುತ್ತವೆ.

ಎರಡನೆಯ ಬಗೆಯ ಕೋಶದ ತುದಿಯಲ್ಲಿ ಗ್ರಾಹಕ ಪ್ರೋಟೀನನ್ನು ಬಿಡಿಸಿ. ಸಿಹಿಗೆ ಟಿ1ಆರ್2 ಮತ್ತು ಟಿ1ಆರ್3 ಎಂಬ ಎರಡು ಪ್ರೋಟೀನುಗಳ ಜೋಡಿ, ಉಮಾಮಿಗೆ ಟಿ1ಆರ್1 ಮತ್ತು ಟಿ1ಆರ್3ರ ಜೋಡಿ. ಕಹಿಗೆ ಟಿ2ಆರ್ ಎಂಬ ಬೇರೆಯೇ ಕುಟುಂಬ, ಮನುಷ್ಯರಲ್ಲಿ ಅದರ ಸುಮಾರು 25 ಸದಸ್ಯರು ಕೆಲಸ ಮಾಡುತ್ತವೆ. ಕಹಿಗೆ ಇಷ್ಟೊಂದು ಗ್ರಾಹಕಗಳು ಏಕೆಂದರೆ ಕಹಿ ವಸ್ತುಗಳ ರಚನೆ ಒಂದಕ್ಕೊಂದು ತೀರಾ ಭಿನ್ನ, ಅವುಗಳಲ್ಲಿ ಎಷ್ಟೋ ವಿಷಗಳು. ಬೆಕ್ಕಿನಲ್ಲಿ ಟಿ1ಆರ್2ರ ಜೀನ್ ಕೆಟ್ಟುಹೋಗಿರುವುದರಿಂದ ಅದಕ್ಕೆ ಸಿಹಿ ತಿಳಿಯುವುದಿಲ್ಲ. ಪಟದ ಅಂಚಿನಲ್ಲಿ ಇದನ್ನು ಬರೆದರೆ ಗ್ರಾಹಕದ ಪಾತ್ರಕ್ಕೆ ಒಳ್ಳೆಯ ಆಧಾರವಾಗುತ್ತದೆ.

ಇನ್ನು ಮುಂದಿನ ಬಾಣಗಳನ್ನು ಈ ಕ್ರಮದಲ್ಲೇ ಎಳೆಯಬೇಕು.

1. ಸಕ್ಕರೆಯ ಅಣು ಗ್ರಾಹಕಕ್ಕೆ ಕೂಡಿಕೊಳ್ಳುತ್ತದೆ. ಅದು ಕೋಶದ ಒಳಗೆ ಹೋಗುವುದಿಲ್ಲ. ಸಕ್ಕರೆ ಕೋಶದೊಳಗೆ ನುಗ್ಗುವಂತೆ ಬಿಡಿಸಿದ ಪಟಗಳನ್ನು ಎಷ್ಟು ಸಲ ತಿದ್ದಿದರೂ ಮತ್ತೆ ಬರುತ್ತಲೇ ಇರುತ್ತವೆ.

2. ಆಕಾರ ಬದಲಿಸಿದ ಗ್ರಾಹಕವು ಒಳಬದಿಯಲ್ಲಿರುವ ಜಿ ಪ್ರೋಟೀನನ್ನು ಚುರುಕುಗೊಳಿಸುತ್ತದೆ. ರುಚಿ ಕೋಶಗಳಲ್ಲಿ ಇದರ ಪ್ರಮುಖ ರೂಪದ ಹೆಸರು ಗಸ್ಟ್‌ಡ್ಯೂಸಿನ್.

3. ಜಿ ಪ್ರೋಟೀನಿನ ಬೇರ್ಪಟ್ಟ ಬೀಟಾ-ಗಾಮಾ ಭಾಗವು ಫಾಸ್ಫೊಲೈಪೇಸ್ ಸಿ ಬೀಟಾ2 ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದು ಪೊರೆಯ ಕೊಬ್ಬನ್ನು ಸೀಳಿ ಐಪಿ3 ಎಂಬ ಚಿಕ್ಕ ಅಣುವನ್ನು ಬಿಡುತ್ತದೆ.

4. ಐಪಿ3 ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಅಯಾನುಗಳನ್ನು ಹೊರಬಿಡಿಸುತ್ತದೆ. ಈ ಕ್ಯಾಲ್ಸಿಯಂ ಹೊರಗಿನಿಂದ ಬಂದದ್ದಲ್ಲ, ಬಾಣ ಒಳಗಿನಿಂದಲೇ ಆರಂಭವಾಗಬೇಕು.

5. ಏರಿದ ಕ್ಯಾಲ್ಸಿಯಂ ಟಿಆರ್‌ಪಿಎಂ5 ಎಂಬ ಮಾರ್ಗವನ್ನು ತೆರೆಯುತ್ತದೆ. ಅದರ ಮೂಲಕ ಸೋಡಿಯಂ ಒಳಬಂದು ಕೋಶದ ಪೊರೆಯ ವಿದ್ಯುತ್ ವಿಭವ ಬದಲಾಗುತ್ತದೆ, ಕೋಶ ವಿದ್ಯುತ್ ಮಿಡಿತಗಳನ್ನು ಹೊಮ್ಮಿಸುತ್ತದೆ.

6. ಆ ವಿದ್ಯುತ್ ಬದಲಾವಣೆಗೆ ಕ್ಯಾಲ್‌ಎಚ್‌ಎಂ1 ಮತ್ತು ಕ್ಯಾಲ್‌ಎಚ್‌ಎಂ3 ಸೇರಿ ಆದ ದೊಡ್ಡ ಮಾರ್ಗ ತೆರೆದು, ಎಟಿಪಿ ಅಣುಗಳು ನೇರವಾಗಿ ಹೊರಬರುತ್ತವೆ.

7. ಎಟಿಪಿ ಪಕ್ಕದ ನರತಂತುವಿನ ಪಿ2ಎಕ್ಸ್2 ಮತ್ತು ಪಿ2ಎಕ್ಸ್3 ಗ್ರಾಹಕಗಳನ್ನು ತಟ್ಟುತ್ತದೆ, ನರದಲ್ಲಿ ಮಿಡಿತ ಹುಟ್ಟುತ್ತದೆ.

ಆರನೆಯ ಬಾಣದಲ್ಲಿ ಬಹುತೇಕ ಎಲ್ಲರೂ ಎಡವುತ್ತಾರೆ. ನರಕೋಶದ ಪಾಠದಲ್ಲಿ ಕಲಿತ, ರಾಸಾಯನಿಕ ತುಂಬಿದ ಸಣ್ಣ ಸಣ್ಣ ಚೀಲಗಳನ್ನು ಇಲ್ಲಿಯೂ ಬಿಡಿಸುತ್ತಾರೆ. ಎರಡನೆಯ ಬಗೆಯ ಕೋಶಗಳಲ್ಲಿ ಅಂತಹ ಸಾಂಪ್ರದಾಯಿಕ ಸಿನಾಪ್ಸ್ (ನರಕ್ಕೆ ಸಂಕೇತ ದಾಟಿಸುವ ಸಂಧಿ) ಇಲ್ಲ, ಎಟಿಪಿ ಮಾರ್ಗದ ಮೂಲಕವೇ ಹೊರಬರುತ್ತದೆ. ಕ್ಯಾಲ್‌ಎಚ್‌ಎಂ1 ಇಲ್ಲದ ಇಲಿಗಳು ಸಿಹಿ, ಕಹಿ, ಉಮಾಮಿಯ ಅರಿವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತವೆ ಎಂಬುದು 2013ರಲ್ಲಿ ಪ್ರಕಟವಾಯಿತು. ಪಿ2ಎಕ್ಸ್2 ಮತ್ತು ಪಿ2ಎಕ್ಸ್3 ಎರಡೂ ಇಲ್ಲದ ಇಲಿಗಳಲ್ಲಿ ರುಚಿಯ ನರಗಳು ಮೌನವಾಗುತ್ತವೆ ಎಂಬುದು 2005ರಲ್ಲಿಯೇ ತಿಳಿದಿತ್ತು. ಈ ಎರಡು ಇಸವಿಗಳನ್ನು ಆರನೆಯ ಮತ್ತು ಏಳನೆಯ ಬಾಣಗಳ ಪಕ್ಕದಲ್ಲಿ ಬರೆಯಿರಿ.

ಇನ್ನೊಂದು ಮಾತನ್ನು ಗಮನಿಸಬೇಕು. ಎರಡರಿಂದ ಏಳರವರೆಗಿನ ಬಾಣಗಳು ಮೂರೂ ರುಚಿಗಳಿಗೆ ಬಹುತೇಕ ಒಂದೇ. ಹಾಗಾದರೆ ಸಿಹಿಯೂ ಕಹಿಯೂ ಬೆರೆತುಹೋಗುವುದಿಲ್ಲವೇಕೆ? ಸಿಹಿಯ ಗ್ರಾಹಕವೂ ಕಹಿಯ ಗ್ರಾಹಕವೂ ಸಾಮಾನ್ಯವಾಗಿ ಒಂದೇ ಕೋಶದಲ್ಲಿರುವುದಿಲ್ಲ. ಸರಪಳಿ ಒಂದೇ ಆದರೂ ಅದನ್ನು ಹೊತ್ತ ಕೋಶ ಬೇರೆ. ಪಟದಲ್ಲಿ ಕನಿಷ್ಠ ಎರಡು ಕೋಶಗಳನ್ನು ಬೇರೆ ಬೇರೆ ಬಣ್ಣದಲ್ಲಿ ಬಿಡಿಸಿ ತೋರಿಸಿ.

ಹಂತ 6: ಹುಳಿ ಮತ್ತು ಉಪ್ಪನ್ನು ಬೇರೆ ಹಾಳೆಯಲ್ಲಿ ಬಿಡಿಸಿ

ಹುಳಿಗೆ ಗ್ರಾಹಕ, ಜಿ ಪ್ರೋಟೀನ್ ಎಂಬ ಸರಪಳಿ ಇಲ್ಲ. ಮೂರನೆಯ ಬಗೆಯ ಕೋಶದ ತುದಿಯಲ್ಲಿ ಒಟೊಪೆಟ್ರಿನ್1 ಎಂಬ ಮಾರ್ಗವಿದ್ದು, ಆಮ್ಲದ ಹೈಡ್ರೋಜನ್ ಅಯಾನುಗಳು ಅದರ ಮೂಲಕ ನೇರವಾಗಿ ಒಳಬರುತ್ತವೆ. ಹುಳಿಯನ್ನು ಅರಿಯುವುದು ಈ ಮಾರ್ಗವೇ ಎಂದು 2019ರಲ್ಲಿ ಇಲಿಗಳಲ್ಲಿ ದೃಢಪಟ್ಟಿತು. ವಿನೆಗರಿನಂತಹ ದುರ್ಬಲ ಆಮ್ಲಗಳ ಅಣುಗಳು ಒಡೆಯದೆಯೇ ಪೊರೆಯನ್ನು ದಾಟಿ, ಒಳಗೆ ಹೋದ ಮೇಲೆ ಹೈಡ್ರೋಜನ್ ಅಯಾನನ್ನು ಬಿಡುತ್ತವೆ. ಒಳಗಿನ ಆಮ್ಲೀಯತೆ ಪೊಟ್ಯಾಸಿಯಂ ಹೊರಹೋಗುವ ಮಾರ್ಗವನ್ನು ಮುಚ್ಚುವುದರಿಂದ ಸಂಕೇತ ಇನ್ನಷ್ಟು ಬಲವಾಗುತ್ತದೆ. ಒಂದೇ ಪಿಎಚ್ ಇರುವ ಎರಡು ಆಮ್ಲಗಳಲ್ಲಿ ದುರ್ಬಲ ಆಮ್ಲವೇ ಹೆಚ್ಚು ಹುಳಿಯೆನಿಸುವುದು ಇದರಿಂದಲೇ.

ಮೂರನೆಯ ಬಗೆಯ ಕೋಶಗಳಲ್ಲಿ ಚೀಲಗಳಿರುವ ನಿಜವಾದ ಸಿನಾಪ್ಸ್ ಇದೆ, ಅವು ಸೆರೊಟೋನಿನ್ ಎಂಬ ಸಂಕೇತವಾಹಕ ರಾಸಾಯನಿಕವನ್ನು ಬಿಡುತ್ತವೆ. ಎರಡನೆಯ ಬಗೆಯ ಕೋಶದಿಂದ ಅಳಿಸಿದ ಚೀಲಗಳನ್ನು ಇಲ್ಲಿ ಬಿಡಿಸಿ. ಆದರೆ ‘ಹುಳಿಗೆ ಸೆರೊಟೋನಿನ್ ಒಂದೇ ಸಾಕು’ ಎಂದು ಬರೆಯಬೇಡಿ, ಪಿ2ಎಕ್ಸ್ ಗ್ರಾಹಕಗಳಿಲ್ಲದ ಇಲಿಗಳಲ್ಲಿ ಹುಳಿಯ ನರಸಂಕೇತವೂ ನಿಲ್ಲುತ್ತದೆ.

ಉಪ್ಪಿನಲ್ಲಿ ಎರಡು ದಾರಿಗಳಿವೆ. ಹಿತವಾದ ಸಾಂದ್ರತೆಯಲ್ಲಿ ಸೋಡಿಯಂ ಇನ್ಯಾಕ್ ಎಂಬ ಮಾರ್ಗದಿಂದ ಒಳಬರುತ್ತದೆ. ಅತಿಯಾದ ಉಪ್ಪು ಕಹಿ ಮತ್ತು ಹುಳಿಯ ಕೋಶಗಳನ್ನೂ ಎಬ್ಬಿಸುತ್ತದೆ, ಉಪ್ಪುನೀರಿನಿಂದ ಆಗಷ್ಟೇ ತೆಗೆದ ಹಲಸಿನ ಸೊಳೆ ನೆನೆಸದೆ ತಿಂದರೆ ಮುಖ ಹಿಂಡುವುದು ಇದರಿಂದ. ಇನ್ಯಾಕನ್ನು ತಡೆಯುವ ಅಮಿಲೋರೈಡ್ ಇಲಿಗಳಲ್ಲಿ ಉಪ್ಪಿನ ಅರಿವನ್ನು ಬಹಳ ತಗ್ಗಿಸುತ್ತದೆ, ಮನುಷ್ಯರಲ್ಲಿ ಅಷ್ಟು ತಗ್ಗಿಸುವುದಿಲ್ಲ. ಆದ್ದರಿಂದ ಇನ್ಯಾಕ್ ಬಾಣದ ಪಕ್ಕದಲ್ಲಿ ‘ಇಲಿಗಳಲ್ಲಿ’ ಎಂದು ಬರೆಯುವುದು ಪ್ರಾಮಾಣಿಕತೆ.

ಹಂತ 7: ನರದ ದಾರಿ

ಇದು ಚಿಕ್ಕ ಹಂತ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿ ಏಳನೆಯ ಕಪಾಲ ನರದ ಕಾರ್ಡಾ ಟಿಂಪನಿ ಎಂಬ ಕವಲಿನಲ್ಲಿ, ಹಿಂಭಾಗದ್ದು ಒಂಬತ್ತನೆಯ ನರದಲ್ಲಿ, ಗಂಟಲ ಕಡೆಯದು ಹತ್ತನೆಯ ನರದಲ್ಲಿ ಹೋಗುತ್ತದೆ. ಮೂರೂ ಮೆಡುಲ್ಲಾದ ಒಂದೇ ನರಕೇಂದ್ರಕ್ಕೆ ಸೇರಿ, ಅಲ್ಲಿಂದ ಥಲಾಮಸ್, ಅಲ್ಲಿಂದ ಮೆದುಳಿನ ಇನ್ಸುಲಾ ಭಾಗವನ್ನು ತಲುಪುತ್ತವೆ. ಕಾರ್ಡಾ ಟಿಂಪನಿ ನಡುಗಿವಿಯ ಮೂಲಕ ಹಾದುಹೋಗುವುದರಿಂದ ಕಿವಿಯ ಶಸ್ತ್ರಚಿಕಿತ್ಸೆಯಾದ ಕೆಲವರಲ್ಲಿ ರುಚಿ ಬದಲಾಗುತ್ತದೆ.

ಹಂತ 8: ಸರಪಳಿಯನ್ನು ಎರಡು ಕಡೆ ಮುಟ್ಟಿ ಪರೀಕ್ಷಿಸಿ

ಶಾಲೆಯಲ್ಲಿ ಜೀನ್ ಅಳಿಸಿದ ಇಲಿಗಳು ಇರುವುದಿಲ್ಲ. ಆದರೆ ಐದನೆಯ ಹಂತದ ಸರಪಳಿಯನ್ನು ಎರಡು ಕಡೆ ಮುಟ್ಟಿ ನೋಡಲು ನಮ್ಮಲ್ಲಿ ಸಾಧನಗಳಿವೆ.

ಮೊದಲನೆಯದು ಉಷ್ಣತೆ. ಟಿಆರ್‌ಪಿಎಂ5 ಮಾರ್ಗವು 15ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಬಿಸಿ ಏರಿದಂತೆ ಹೆಚ್ಚು ತೆರೆಯುತ್ತದೆ. ಶೇ. 5ರ ಸಕ್ಕರೆ ನೀರನ್ನು ಎರಡು ಪಾಲು ಮಾಡಿ, ಒಂದನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು 15 ಡಿಗ್ರಿಗಿಂತ ಕೆಳಗೆ ಇಳಿಸಿ, ಇನ್ನೊಂದನ್ನು 35 ಡಿಗ್ರಿಗೆ ತನ್ನಿ. ಗುಟುಕು ತೆಗೆದುಕೊಳ್ಳುವ ಮೊದಲು ಅದೇ ಉಷ್ಣತೆಯ ಬರೀ ನೀರನ್ನು ಬಾಯಿಯಲ್ಲಿ ಇರಿಸಿಕೊಳ್ಳಬೇಕು, ಇಲ್ಲವಾದರೆ ನಾಲಿಗೆಯ ಬಿಸಿ ತಣ್ಣನೆಯ ಗುಟುಕನ್ನು ಕ್ಷಣದಲ್ಲೇ ಬೆಚ್ಚಗಾಗಿಸುತ್ತದೆ. ತಣ್ಣನೆಯದು ಕಡಿಮೆ ಸಿಹಿಯೆನಿಸಬೇಕು.

ಎರಡನೆಯದು ಮಧುನಾಶಿನಿ ಬಳ್ಳಿಯ ಎಲೆ. ಅದರಲ್ಲಿರುವ ಜಿಮ್ನೆಮಿಕ್ ಆಮ್ಲವು ಮನುಷ್ಯರ ಸಿಹಿ ಗ್ರಾಹಕದ ಟಿ1ಆರ್3 ಭಾಗಕ್ಕೆ ಅಂಟಿ ಅದನ್ನು ತಡೆಯುತ್ತದೆ. ಎಲೆಯನ್ನು ಒಂದು ನಿಮಿಷ ಅಗಿದು ನಾಲಿಗೆಗೆಲ್ಲ ತಾಗಿಸಿ, ಉಗುಳಿ, ಮುಕ್ಕಳಿಸಿ, ಚಿಟಿಕೆ ಸಕ್ಕರೆ ಇಟ್ಟರೆ ಹೊಯ್ಗೆಯಂತೆ ಇರುತ್ತದೆ. ಅರ್ಧ ಗಂಟೆಯ ಆಸುಪಾಸಿನಲ್ಲಿ ಸಿಹಿ ಮರಳತೊಡಗುತ್ತದೆ. ಎಲೆ ತರುವಾಗ ಗಿಡಗಳ ಗುರುತು ಚೆನ್ನಾಗಿ ಬಲ್ಲ ಹಿರಿಯರಿಂದ ಖಚಿತಪಡಿಸಿಕೊಳ್ಳಬೇಕು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರಿಗೆ ಈ ಎಲೆ ಕೊಡಬಾರದು, ಯಾರೂ ರಸವನ್ನು ನುಂಗಬಾರದು.

ಈಗ ಅದೇ ಬಾಯಿಗೆ ಹಾಗಲಕಾಯಿ ನೀರು ಕೊಡಿ. ಕಹಿ ಇದ್ದೇ ಇರುತ್ತದೆ. ಈ ಒಂದು ಉತ್ತರದಲ್ಲಿ ಇಡೀ ಯೋಜನೆಯ ತಿರುಳಿದೆ: ಗಸ್ಟ್‌ಡ್ಯೂಸಿನ್, ಐಪಿ3, ಟಿಆರ್‌ಪಿಎಂ5, ಎಟಿಪಿ ಎಲ್ಲವೂ ಸಿಹಿಗೂ ಕಹಿಗೂ ಸಮಾನ. ತಡೆ ಅವುಗಳಲ್ಲಿ ಎಲ್ಲೇ ಆಗಿದ್ದರೂ ಕಹಿಯೂ ಹೋಗಬೇಕಿತ್ತು. ಕಹಿ ಉಳಿದಿದೆ ಎಂದರೆ ತಡೆಯು ಸಿಹಿಗೆ ಮಾತ್ರ ಸೇರಿದ ಮೊದಲ ಮೆಟ್ಟಿಲಲ್ಲಿ, ಅಂದರೆ ಗ್ರಾಹಕದಲ್ಲಿಯೇ ಆಗಿದೆ. ಇಷ್ಟನ್ನು ತನ್ನದೇ ದಾಖಲೆಯಿಂದ ತರ್ಕಿಸಿ ಹೇಳಬಲ್ಲ ವಿದ್ಯಾರ್ಥಿಗೆ ಬಾಣಗಳ ಹೆಸರು ಒಂದೆರಡು ಮರೆತರೂ ನಷ್ಟವಿಲ್ಲ.

ಕೆಲಸ ಹಳಿ ತಪ್ಪುತ್ತಿದೆ ಎಂಬುದರ ಲಕ್ಷಣಗಳು

ಬರೀ ನೀರಿಗೆ ಐವರಲ್ಲಿ ಇಬ್ಬರಾದರೂ ರುಚಿ ಹೇಳಿದರೆ ನೀರನ್ನೋ ಲೋಟವನ್ನೋ ಬದಲಿಸಿ ಮೊದಲಿನಿಂದ ಮಾಡಿ. ಎಲ್ಲರ ಉತ್ತರವೂ ಪೂರ್ತಿ ಸರಿಯಾಗಿದ್ದರೆ ಸಂತೋಷಪಡುವ ಮೊದಲು ಕಣ್ಣಿನ ಬಟ್ಟೆಯನ್ನೂ ಪಕ್ಕದವರ ಪಿಸುಮಾತನ್ನೂ ಪರೀಕ್ಷಿಸಿ. ಕೆಲವರು ಹುಳಿಯನ್ನು ಕಹಿಯೆಂದು ಹೇಳುವುದು ಹೆಸರಿನ ಗೊಂದಲ, ನಾಲಿಗೆಯ ದೋಷವಲ್ಲ. ಮೊದಲೇ ಲಿಂಬೆ ಮತ್ತು ಹಾಗಲಕಾಯಿಯ ಮಾದರಿ ತೋರಿಸಿ ಹೆಸರನ್ನು ಗಟ್ಟಿಮಾಡಿಸಿ. ಎಂಟನೆಯ ಹಂತದಲ್ಲಿ ಮಧುನಾಶಿನಿಯ ಬಳಿಕವೂ ಸಿಹಿ ಉಳಿದರೆ ಎಲೆ ಬೇರೆಯದಾಗಿರಬಹುದು ಅಥವಾ ಸರಿಯಾಗಿ ಅಗಿದಿರಲಿಕ್ಕಿಲ್ಲ. ಎಲೆಯ ಗುರುತು ಮತ್ತೆ ಖಚಿತವಾಗುವವರೆಗೆ ಎರಡನೆಯ ಎಲೆಯನ್ನು ಯಾರ ಬಾಯಿಗೂ ಕೊಡಬೇಡಿ. ಶೀತವಿರುವವರನ್ನು ಆ ದಿನ ಬಿಟ್ಟುಬಿಡಿ. ಯಾರಿಗಾದರೂ ಯಾವ ಸಾಂದ್ರತೆಯಲ್ಲೂ ಯಾವ ರುಚಿಯೂ ತಿಳಿಯದಿದ್ದು, ಅದು ಎರಡು ವಾರಕ್ಕೂ ಮೀರಿ ಮುಂದುವರಿದರೆ ಮನೆಯವರಿಗೆ ತಿಳಿಸಿ ವೈದ್ಯರಲ್ಲಿಗೆ ಕಳುಹಿಸಬೇಕು, ಅವರ ಹೆಸರನ್ನು ಪಟದಲ್ಲಿ ಹಾಕಬಾರದು.